ಹೀಟರ್ ಕೋರ್ ಹೋಗಿದೆ ಅಂದ ತಕ್ಷಣ ದುಡ್ಡು ಕೊಡಬೇಡಿ

ಹದಿನಾಲ್ಕೂವರೆ ಸಾವಿರ ರೂಪಾಯಿ. ಮಾಡದೇ ಇರುವ ಕೆಲಸಕ್ಕೆ ಇಷ್ಟು ಕೊಟ್ಟು ಬಂದಿದ್ದೇನೆ. ಕಾರಿನ ಹೀಟರ್ ಕೋರ್, ಅಂದರೆ ಇಂಜಿನ್ನಿನ ಬಿಸಿ ನೀರು ಹರಿದು ಒಳಗಿನ ಗಾಳಿಯನ್ನು ಬಿಸಿ ಮಾಡುವ ಭಾಗ, ಬದಲಾಯಿಸಿದೆವು ಎಂದು ಗ್ಯಾರೇಜಿನವರು ತೆಗೆದುಕೊಂಡ ದುಡ್ಡು ಇದು. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ. ಕೊಡಗು, ಊಟಿ, ಚಿಕ್ಕಮಗಳೂರು ಕಡೆ ಹಳೇ ಗಾಡಿ ಓಡಿಸುವವರು ದಯವಿಟ್ಟು ಪೂರ್ತಿ ಓದಿ. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೋದ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಗಾಡಿ ಹೀಟ್ ಆಯಿತು. ಮೈಸೂರಿಗೆ ತಂದು, ಆರು ವರ್ಷದಿಂದ ಸರ್ವಿಸ್‌ಗೆ ಬಿಡುತ್ತಿದ್ದ ಗ್ಯಾರೇಜಿಗೇ ಬಿಟ್ಟೆ. ರೇಡಿಯೇಟರ್ ಫ್ಯಾನ್ ಮೋಟರ್ ಬದಲಾಯಿಸಿದೆವು ಎಂದು 3,800 ತೆಗೆದುಕೊಂಡರು. "ಇನ್ನು ಜನ್ಮದಲ್ಲಿ ಹೀಟ್ ಆಗಲ್ಲ ಸಾರ್, ಗ್ಯಾರಂಟಿ" ಎಂದರು ಓನರ್. ನಿಜ, ಆಗಲಿಲ್ಲ. ಮೊದಲು ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಆಮೇಲೆ ಹೈವೇಗೆ ಹೋದರೆ ಸಾಕು, ಕೆಳಗೇ ಬಿದ್ದಿರುತ್ತಿತ್ತು. ಗಾಡಿ ಎಷ್ಟು ತಣ್ಣಗೆ ಓಡುತ್ತಿದೆ ಎಂದು ಖುಷಿಪಟ್ಟೆ. ಮೈಲೇಜ್ 16ರಿಂದ 13ಕ್ಕೆ ಇಳಿಯಿತು. ಹಳೇ ಗಾಡಿ ಅಲ್ವಾ ಎಂದು ಸುಮ್ಮನಾದೆ. ಆಗಲೇ ಅನುಮಾನ ಬರಬೇಕಿತ್ತು.

ಮೈಸೂರಿನಲ್ಲಿ ಹೀಟರ್ ಯಾರು ಹಾಕುತ್ತಾರೆ? ಹಾಗಾಗಿ ಡಿಸೆಂಬರ್‌ವರೆಗೆ ಗೊತ್ತೇ ಆಗಲಿಲ್ಲ. ಮಡಿಕೇರಿಯಲ್ಲಿ ಅಕ್ಕನ ಮನೆ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಕುಶಾಲನಗರ ದಾಟಿ ಆನೆಕಾಡು ಬರುವಷ್ಟರಲ್ಲಿ ಮುಂದೆ ಏನೂ ಕಾಣದಷ್ಟು ಮಂಜು. ಗಾಜು ಒಳಗಿನಿಂದಲೂ ಮಂಜಾಗಿ ಹೋಯಿತು. ಹೀಟರ್ ಫುಲ್ ಇಟ್ಟೆ. ಬಂದದ್ದು ತಣ್ಣನೆ ಗಾಳಿ. ಎಸಿ ಹಾಕಿದರೆ ಗಾಜು ಬಿಡುತ್ತದೆ, ಆದರೆ ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು, ಅವರಿಗೆ ಉಬ್ಬಸ. ಶಾಲು ಹೊದ್ದು ನಡುಗುತ್ತಾ ಕೂತಿದ್ದರು. ನನ್ನ ಹೆಂಡತಿ ಟವೆಲ್ ಹಿಡಿದು ಗಾಜು ಒರೆಸುತ್ತಲೇ ಇದ್ದಳು. ಒಂದು ತಿರುವಿನಲ್ಲಿ ಎದುರಿನಿಂದ ಮರದ ಲಾರಿ ಬಂತು. ಅದರ ಲೈಟು ಗಾಜಿನ ಮೇಲೆಲ್ಲಾ ಹರಡಿಕೊಂಡು ರಸ್ತೆ ಎಲ್ಲಿದೆ ಎಂದೇ ತಿಳಿಯಲಿಲ್ಲ. ಬ್ರೇಕ್ ಹಾಕಿ ನಿಂತುಬಿಟ್ಟೆ. ದೇವರು ದೊಡ್ಡವನು.

ವಾಪಸ್ ಬಂದ ಮರುದಿನವೇ ಗ್ಯಾರೇಜಿಗೆ ಹೋದೆ. ಓನರ್ ಬಾನೆಟ್ ಕೂಡ ತೆಗೆಯಲಿಲ್ಲ. ಒಳಗೆ ಕೂತು ಎರಡು ನಿಮಿಷ ಗಾಳಿ ನೋಡಿ, "ಹೀಟರ್ ಕೋರ್ ಹೋಗಿದೆ ಸಾರ್. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಪಾರ್ಟು, ಲೇಬರ್ ಎಲ್ಲಾ ಸೇರಿ ಹದಿನಾಲ್ಕೂವರೆ" ಎಂದರು. ಡ್ಯಾಶ್‌ಬೋರ್ಡ್ ಬಿಚ್ಚುವುದು ದೊಡ್ಡ ಕೆಲಸ ಎಂದು ನನಗೂ ಗೊತ್ತಿತ್ತು. ಆರು ವರ್ಷದ ನಂಬಿಕೆ ಬೇರೆ. ಒಪ್ಪಿಕೊಂಡೆ.

ಮೂರು ದಿನ ಬಿಟ್ಟು ಹೋದೆ. ಮಧ್ಯಾಹ್ನ ಎರಡು ಗಂಟೆ, ಸುಡುಬಿಸಿಲು. ನಾನು ಹೋಗುವ ಮುಂಚೆಯೇ ಇಂಜಿನ್ ಆನ್ ಮಾಡಿಟ್ಟಿದ್ದರು. ಎಷ್ಟು ಹೊತ್ತಿನಿಂದಲೋ! "ಕೈ ಇಡಿ ಸಾರ್" ಎಂದರು. ಬಿಸಿ ಗಾಳಿ ಬಂತು. ಸಂತೋಷವಾಗಿ ಅಲ್ಲೇ ಫೋನಿನಲ್ಲಿ ದುಡ್ಡು ಹಾಕಿದೆ. ಕೆಲಸದ ಹುಡುಗನ ಕೈಗೆ ಇನ್ನೂರು ರೂಪಾಯಿ ಬೇರೆ ಇಟ್ಟೆ. ಥ್ಯಾಂಕ್ಸ್ ಹೇಳಿ ಬಂದೆ. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಜನವರಿಯಲ್ಲಿ ಮತ್ತೆ ಮಡಿಕೇರಿ. ಹುಣಸೂರು ದಾಟಿಲ್ಲ, ಮತ್ತೆ ಅದೇ ತಣ್ಣನೆ ಗಾಳಿ. ಅದೇ ಗಾಳಿ! ಅಮ್ಮ ಏನೂ ಅನ್ನಲಿಲ್ಲ, ಶಾಲು ಎಳೆದುಕೊಂಡರು ಅಷ್ಟೇ.

ನಮ್ಮ ಸೋದರಮಾವ ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಭಾನುವಾರ ಬೆಳಿಗ್ಗೆ ಮನೆಗೆ ಬಂದರು. ಇಂಜಿನ್ ರಾತ್ರಿಯಿಡೀ ತಣ್ಣಗಾಗಿತ್ತು. ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ನೋಡಿದರು. ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಇರಬೇಕಾದ ಕಡೆ ತುಕ್ಕು ಬಣ್ಣದ ನಲ್ಲಿ ನೀರು. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿಸಿ, ರೇಡಿಯೇಟರ್‌ನ ಮೇಲಿನ ಹೋಸ್ ಹಿಡಿದು ನಿಂತರು. "ಇದು ಈಗ ತಣ್ಣಗಿರಬೇಕು ಕಣೋ. ಇಂಜಿನ್ ಚೆನ್ನಾಗಿ ಕಾದ ಮೇಲೆ ಒಂದೇ ಸಲ ಬಿಸಿ ನೀರು ನುಗ್ಗಬೇಕು. ಇಲ್ಲಿ ಮೊದಲಿನಿಂದಲೇ ನೀರು ಓಡ್ತಾ ಇದೆ" ಎಂದರು. ಇಂಜಿನ್ ಆಫ್ ಮಾಡಿ, ಆ ಹೋಸ್ ಇಂಜಿನ್‌ಗೆ ಸೇರುವ ಕಡೆ ಇರುವ ಎರಡು ಬೋಲ್ಟ್ ಬಿಚ್ಚಿದರು. ಒಳಗೆ ಖಾಲಿ. ಥರ್ಮೋಸ್ಟಾಟ್ ಇಲ್ಲವೇ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಥರ್ಮೋಸ್ಟಾಟ್ ಎಂದರೆ ಸ್ಪ್ರಿಂಗ್ ಇರುವ ಒಂದು ಚಿಕ್ಕ ವಾಲ್ವ್. ಇಂಜಿನ್ ನೀರು ಸುಮಾರು 82–88 ಡಿಗ್ರಿ ಆಗುವವರೆಗೆ ರೇಡಿಯೇಟರ್ ಕಡೆ ದಾರಿ ಬಿಡುವುದಿಲ್ಲ. ಹೀಟರ್‌ಗೆ ಬರುವುದೂ ಅದೇ ನೀರು. ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಓಡುವ ಗಾಡಿಯಲ್ಲಿ ನೀರು ಕಾಯುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನಿಂತಲ್ಲೇ ಬಿಸಿಲಿನಲ್ಲಿ ಅರ್ಧ ಗಂಟೆ ಆನ್ ಇಟ್ಟರೆ ಮಾತ್ರ ಕಾಯುತ್ತದೆ. ಗ್ಯಾರೇಜಿನಲ್ಲಿ ನನಗೆ ತೋರಿಸಿದ್ದು ಅದನ್ನೇ!

ಆಮೇಲೆ ಮಾವ ಟಾರ್ಚ್ ಹಿಡಿದು ಇಂಜಿನ್ ಹಿಂದಿನ ತಗಡಿನ ಗೋಡೆ ತೋರಿಸಿದರು. ಹೀಟರ್ ಕೋರ್‌ಗೆ ಎರಡು ಹೋಸ್ ಅಲ್ಲಿಂದಲೇ ಒಳಗೆ ಹೋಗುವುದು. ಕೋರ್ ಬದಲಾಯಿಸಬೇಕಾದರೆ ಆ ಹೋಸ್ ಬಿಗಿಹಿಡಿದಿರುವ ಕ್ಲಾಂಪ್ ಬಿಚ್ಚಲೇಬೇಕು. ಕ್ಲಾಂಪಿನ ಮೇಲೆ ಕಂಪನಿಯಲ್ಲಿ ಹಾಕಿದ ಬಿಳಿ ಪೇಂಟ್ ಗುರುತು, ಹೋಸ್ ಮೇಲಿನ ಗುರುತಿಗೆ ಸರಿಯಾಗಿ ಕೂಡಿಕೊಂಡೇ ಇತ್ತು. ಎರಡು ಹೋಸ್ ನಡುವೆ ಧೂಳು ಹಿಡಿದ ಜೇಡರ ಬಲೆ. ಮಾವ ಬೆರಳಿನಿಂದ ಅದನ್ನು ಮುಟ್ಟಿ, "ಇದನ್ನ ಯಾರೂ ಮುಟ್ಟೇ ಇಲ್ವಲ್ಲೋ" ಎಂದರು. ನನಗೆ ಮಾತೇ ಹೊರಡಲಿಲ್ಲ.

ಅಲ್ಲಿಂದಲೇ ಓನರ್‌ಗೆ ಫೋನ್ ಮಾಡಿದೆ. ಥರ್ಮೋಸ್ಟಾಟ್ ಎಲ್ಲಿ ಎಂದು ಕೇಳಿದೆ. "ನಮ್ಮ ಊರಿನ ಬಿಸಿಲಿಗೆ ಅದು ಬೇಡ ಸಾರ್. ಹೀಟ್ ಆದ ಗಾಡಿಗೆಲ್ಲಾ ತೆಗೆದೇ ಕೊಡೋದು." ನನಗೆ ಯಾಕೆ ಹೇಳಲಿಲ್ಲ? "ಎಲ್ಲಾ ಹೇಳಕ್ಕಾಗುತ್ತಾ ಸಾರ್?" ಸರಿ, ಹೀಟರ್ ಕೋರ್? "ಹೊಸದು ಹಾಕಿದ್ದೀವಲ್ಲಾ." ಹಳೇದು ಕೊಡಿ. "ಗುಜರಿಗೆ ಹೋಯ್ತು." ಕ್ಲಾಂಪೇ ಬಿಚ್ಚಿಲ್ಲ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕೋರ್ ಕ್ಲೀನ್ ಮಾಡಿದ್ದು ಸಾರ್, ಹುಡುಗ ಚೇಂಜ್ ಅಂತ ತಪ್ಪಾಗಿ ಬರೆದಿದಾನೆ." ಕ್ಲೀನ್ ಮಾಡಲೂ ಹೋಸ್ ಬಿಚ್ಚಬೇಕಲ್ಲ ಎಂದೆ. ಆಗ ದನಿಯೇ ಬದಲಾಯಿತು. "ನೀವು ಯಾರ ಹತ್ರ ತೋರಿಸಿದ್ರಿ? ಬೇರೆಯವರು ಕೈ ಹಾಕಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ." ಫೋನ್ ಇಟ್ಟುಬಿಟ್ಟರು.

ಹೊಸ ಥರ್ಮೋಸ್ಟಾಟ್ 640 ರೂಪಾಯಿ. ಹೌದು, 640. ಮಾವನೇ ಹಾಕಿದರು, ನೀರು ಪೂರ್ತಿ ತೆಗೆದು ಕೂಲಂಟ್ ತುಂಬಿದರು. ಈಗ ಇಲವಾಲ ಬರುವಷ್ಟರಲ್ಲಿ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತದೆ, ಹೀಟರ್ ಕೈ ಸುಡುವಷ್ಟು ಬಿಸಿ.

ಹೀಟರ್ ತಣ್ಣಗಿದ್ದರೆ ಗ್ಯಾರೇಜಿಗೆ ಓಡುವ ಮುಂಚೆ ಮನೆಯಲ್ಲೇ ಇಷ್ಟು ನೋಡಿಕೊಳ್ಳಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಎಷ್ಟಿದೆ ನೋಡಿ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ, ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಪರೀಕ್ಷೆ ಮಾಡಿ. ಕೆಲವು ಗಾಡಿಯಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುತ್ತದೆ, ಅಂಥದ್ದಾದರೆ ಕೆಳಗಿನದ್ದು ಹಿಡಿದು ನೋಡಿ. ಇಂಜಿನ್ ಕಾದ ಮೇಲೆ ಹೀಟರ್ ಹೋಸ್ ಎರಡೂ ಬಿಸಿ ಇದ್ದೂ ಒಳಗೆ ತಣ್ಣನೆ ಗಾಳಿ ಬಂದರೆ, ಡ್ಯಾಶ್‌ಬೋರ್ಡ್ ಒಳಗೆ ಬಿಸಿ–ತಣ್ಣಗೆ ಬದಲಾಯಿಸುವ ಫ್ಲ್ಯಾಪ್ ಸಿಕ್ಕಿಕೊಂಡಿರಬಹುದು. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರಬಹುದು ಅಥವಾ ಏರ್ ಹಿಡಿದಿರಬಹುದು. ಕೋರ್ ಲೀಕ್ ಆದರೆ ಸಾಮಾನ್ಯವಾಗಿ ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗುತ್ತದೆ, ಒಳಗೆ ಸಿಹಿ ವಾಸನೆ ಬರುತ್ತದೆ. ನನ್ನ ಗಾಡಿಯಲ್ಲಿ ಇದು ಯಾವುದೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ.

ತೆಗೆದ ಹಳೇ ಪಾರ್ಟ್ ಕೈಗೆ ಕೊಡದೆ ದುಡ್ಡು ಕೊಡಬೇಡಿ. ಜಿಎಸ್‌ಟಿ ಬಿಲ್ ಕೇಳಿ. ನನ್ನ ಹತ್ತಿರ ಇರುವುದು ಬಿಳಿ ಚೀಟಿ ಮತ್ತು ಫೋನಿನ ಪೇಮೆಂಟ್ ಮೆಸೇಜ್ ಅಷ್ಟೇ. ಅದನ್ನೇ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ನಿನ್ನೆ ಓನರ್‌ದೇ ಫೋನ್ ಬಂತು. "ಎರಡು ಸರ್ವಿಸ್ ಫ್ರೀ ಮಾಡಿಕೊಡ್ತೀನಿ, ದೂರು ವಾಪಸ್ ತಗೊಳ್ಳಿ ಸಾರ್." ನಿಮ್ಮ ಸರ್ವಿಸ್ ಬೇಡ, ನನ್ನ 14,500 ವಾಪಸ್ ಕೊಡಿ ಎಂದೆ. ನೋಡೋಣ ಎಂದಿದ್ದಾರೆ.