ಬಾರ್ಲಿಯ ಬೂದಿ ರೋಗವೋ, ಚುಕ್ಕೆ ಅಂಗಮಾರಿಯೋ: ಪ್ರಬಂಧಕ್ಕೆ ಯಾವುದು?

ಬೆಂಗಳೂರಿನಲ್ಲಿ ಸಸ್ಯರೋಗಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು, ರೋಗಕಾರಕದ ವೈವಿಧ್ಯವನ್ನು ಅಧ್ಯಯನ ಮಾಡಲು ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳಿದ್ದಾರೆ.

ಮೊದಲು ಯೋಚಿಸಬೇಕಾದದ್ದು ಸಾಕಣೆಯ ಶ್ರಮ. ಬೂದಿ ರೋಗದ ಬ್ಲುಮೇರಿಯಾ ಜೀವಂತ ಬಾರ್ಲಿ ಅಂಗಾಂಶದ ಮೇಲಷ್ಟೇ ಬೆಳೆಯುವುದರಿಂದ, ಸದಾ ಎಳೆಯ ಸಸಿಗಳನ್ನು ಸಿದ್ಧವಿಟ್ಟು ಶಿಲೀಂಧ್ರವನ್ನು ಮತ್ತೆ ಮತ್ತೆ ಹೊಸ ಎಲೆಗೆ ವರ್ಗಾಯಿಸಬೇಕು. ಗಾಳಿಯಲ್ಲಿ ಹಾರುವ ಬೀಜಕಣಗಳಿಂದ ಮಾದರಿಗಳು ಬೆರೆಯದಂತೆಯೂ ಕಾಯಬೇಕು. ಚುಕ್ಕೆ ಅಂಗಮಾರಿಯ ಬೈಪೋಲಾರಿಸ್ ಸೊರೊಕಿನಿಯಾನಾ ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗರ್ ಎಂಬ ಪ್ರಯೋಗಾಲಯದ ಪೋಷಕ ಮಾಧ್ಯಮದ ಮೇಲೆ ಸುಲಭವಾಗಿ ಬೆಳೆಯುತ್ತದೆ. ಖರ್ಚೂ ಕಡಿಮೆ.

ಮಾದರಿ ಸಂಗ್ರಹದಲ್ಲಿಯೂ ಎರಡನೆಯದೇ ಅನುಕೂಲ. ಬಾರ್ಲಿ ಮುಖ್ಯವಾಗಿ ರಾಜಸ್ಥಾನ, ಉತ್ತರಪ್ರದೇಶಗಳ ಬೆಳೆ. ಆದರೆ ಬೈಪೋಲಾರಿಸ್ ಗೋಧಿಗೂ ತಗಲುವುದರಿಂದ ಉತ್ತರ ಕರ್ನಾಟಕದ ಗೋಧಿ ಹೊಲಗಳಲ್ಲಿಯೂ ಹುಡುಕಬಹುದು.

ವೈವಿಧ್ಯದ ಸ್ಪಷ್ಟತೆಯಲ್ಲಿ ಮಾತ್ರ ಬೂದಿ ರೋಗಕ್ಕೆ ಸಾಟಿಯಿಲ್ಲ ಎಂದೇ ನನ್ನ ಅಭಿಪ್ರಾಯ. ಬಾರ್ಲಿಯ ಎಂಎಲ್‌ಎ ಎಂಬ ವಂಶವಾಹಿ ಸ್ಥಾನದ ಒಂದೊಂದು ನಿರೋಧಕ ರೂಪವೂ ಶಿಲೀಂಧ್ರದ ನಿರ್ದಿಷ್ಟ ವಂಶವಾಹಿಯನ್ನು ಗುರುತಿಸುತ್ತದೆ. ಆ ವಂಶವಾಹಿ ಬದಲಾದರೆ ನಿರೋಧಕತೆ ಮುರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಯುರೋಪಿನ ಹೊಲಗಳಲ್ಲಿ 1979ರಿಂದ ಬಳಕೆಯಲ್ಲಿರುವ ಎಂಎಲ್‌ಒ ನಿರೋಧಕತೆ (ಬಾರ್ಲಿಯ ಎಂಎಲ್‌ಒ ವಂಶವಾಹಿ ಕೆಲಸ ಮಾಡದಿದ್ದಾಗ ಬರುವಂಥದ್ದು) ದಶಕಗಳ ಕಾಲ ಬಾಳಿದೆ. ಚುಕ್ಕೆ ಅಂಗಮಾರಿಯಲ್ಲಿಯೂ ರೋಗಪ್ರಭೇದಗಳು (ಒಂದೊಂದು ತಳಿಗೆ ಬೇರೆ ಬೇರೆ ರೀತಿ ರೋಗ ತರುವ ಶಿಲೀಂಧ್ರದ ಗುಂಪುಗಳು) ಇವೆಯಾದರೂ, ಸಸ್ಯದ ಪ್ರತಿಕ್ರಿಯೆಗಳು ಹೆಚ್ಚಾಗಿ ಸ್ಪಷ್ಟವಾಗಿ ಬೇರಾಗದೆ ಕಡಿಮೆಯಿಂದ ಹೆಚ್ಚಿನವರೆಗೆ ಹಂತಹಂತವಾಗಿರುತ್ತವೆ ಮತ್ತು ತೇವ, ಉಷ್ಣತೆಗಳಿಂದ ಏರುಪೇರಾಗುತ್ತವೆ.

ಒಂದೇ ವರ್ಷದಲ್ಲಿ ಮುಗಿಸಬೇಕಾದ ಸ್ನಾತಕೋತ್ತರ ಪ್ರಬಂಧಕ್ಕೆ ಚುಕ್ಕೆ ಅಂಗಮಾರಿ ಸರಿ. ತಂಪು ಬೆಳವಣಿಗೆ ಕೋಣೆಯೂ ಮೂರು ನಾಲ್ಕು ವರ್ಷಗಳ ಅವಕಾಶವೂ ಇರುವವರು ಬೂದಿ ರೋಗವನ್ನು ಆರಿಸಿಕೊಳ್ಳಲಿ. ಆದರೆ ರೋಗಪ್ರಭೇದಗಳನ್ನು ಗುರುತಿಸಲು ಬಳಸುವ ಬಾರ್ಲಿ ತಳಿಗಳ ಬೀಜವನ್ನು ಮೊದಲೇ ತರಿಸಿಕೊಳ್ಳಬೇಕು.