ವಿದೇಶದಿಂದ ಮನೆಗೆ ಹತ್ತು ಪೆಟ್ಟಿಗೆ: ಹಂಚಿಕೆ ಕಂಟೇನರ್ ಸೇವೆ ಯಾರಿಗೆ ಸರಿ, ಯಾರಿಗೆ ಬೇಡ

ಹೊರದೇಶದಲ್ಲಿ ಒಂದು ವರ್ಷ ಇದ್ದು ವಾಪಸ್ ಹೊರಡುವವರ ಸಾಮಾನು ಎರಡು ಸೂಟ್‌ಕೇಸಿಗೆ ಹಿಡಿಯುವುದಿಲ್ಲ, ಇಡೀ ಕಂಟೇನರ್ ಗೊತ್ತುಮಾಡುವಷ್ಟೂ ಇರುವುದಿಲ್ಲ. ಆರರಿಂದ ಹನ್ನೆರಡು ರಟ್ಟಿನ ಪೆಟ್ಟಿಗೆ, ಒಂದು ಸೈಕಲ್, ಒಂದು ಮಾನಿಟರ್, ಹೆಚ್ಚುಕಮ್ಮಿ ಅಷ್ಟೇ. 20 ಅಡಿಯ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗ ಇರುತ್ತದೆ. ಹತ್ತು ಪೆಟ್ಟಿಗೆಗೆ ಒಂದೂಕಾಲು ಘನ ಮೀಟರ್ ಸಾಕು. ಹೀಗೆ ಸ್ವಲ್ಪ ಸಾಮಾನಿರುವ ಹಲವರನ್ನು ಸೇರಿಸಿ ಒಂದೇ ಕಂಟೇನರ್ ತುಂಬಿಸಿ ಹಡಗಿಗೆ ಹಾಕುವುದೇ ಹಂಚಿಕೆ ಕಂಟೇನರ್ ಸೇವೆ. ಸಾಗಾಟದವರು ಇದನ್ನು ಎಲ್‌ಸಿಎಲ್ (ಕಂಟೇನರ್ ತುಂಬದಷ್ಟು ಸಾಮಾನು) ಅಂತಲೋ ಗ್ರೂಪೇಜ್ ಅಂತಲೋ ಕರೆಯುತ್ತಾರೆ.

ತೀರ್ಪು ಮೊದಲೇ ಹೇಳಿಬಿಡೋಣ. ಪುಸ್ತಕ, ಪಾತ್ರೆ, ಕೈ ಉಪಕರಣ, ಸೈಕಲ್ ಸಾಗಿಸುವುದಕ್ಕೆ ಇದು ಒಳ್ಳೆಯ ಸೇವೆ. ದಿಂಬು, ರಜಾಯಿ, ಚಳಿಗಾಲದ ದಪ್ಪ ಕೋಟುಗಳಿಗೆ ದುಡ್ಡು ದಂಡ. ಇನ್ನು ‘ಬಂದರಿನವರೆಗೆ ಮಾತ್ರ’ ಎಂಬ ಕೊಟೇಶನ್ನಿಗೆ ಸಹಿ ಹಾಕುವುದಾದರೆ ಯಾವುದಕ್ಕೂ ಬೇಡ. ಇದರ ಕಾರಣ ಗೊತ್ತಾಗಬೇಕಾದರೆ ಪೆಟ್ಟಿಗೆ ಮನೆಯಿಂದ ಮನೆಗೆ ಹೇಗೆ ಹೋಗುತ್ತದೆ ಅನ್ನುವುದನ್ನು ನೋಡಬೇಕು.

ಏಜೆಂಟರು ಖಾಲಿ ಪೆಟ್ಟಿಗೆ, ಟೇಪು, ಸಾಮಾನು ಪಟ್ಟಿಯ ಫಾರಂ ಕಳಿಸುತ್ತಾರೆ. ತುಂಬಿಟ್ಟ ಪೆಟ್ಟಿಗೆಗಳು ವ್ಯಾನಿನಲ್ಲಿ ಅವರ ಗೋದಾಮಿಗೆ ಹೋಗುತ್ತವೆ. ಅಲ್ಲಿ ಅಳತೆ, ತೂಕ, ಆಮೇಲೆ ಕಾಯುವುದು. ಅದೇ ಊರಿಗೆ ಹೋಗುವ ಉಳಿದವರ ಸಾಮಾನು ಸೇರಿ ಕಂಟೇನರ್ ತುಂಬಬೇಕು. ನಂತರ ಹಡಗು. ಆಚೆ ಬಂದರಿನಲ್ಲಿ ಕಂಟೇನರನ್ನು ಸಿಎಫ್‌ಎಸ್ ಎಂಬ ಯಾರ್ಡಿಗೆ ತಂದು ಬಿಚ್ಚಿ, ಒಬ್ಬೊಬ್ಬರ ಸಾಮಾನು ಬೇರ್ಪಡಿಸುತ್ತಾರೆ. ಕಸ್ಟಮ್ಸ್ ಬಿಟ್ಟ ಮೇಲೆ ಮನೆ ಬಾಗಿಲು. ಕೊಟೇಶನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವ ‘ಇಷ್ಟು ದಿನ’ ಬಹಳ ಸಲ ಹಡಗಿನ ಓಟದ ದಿನ ಮಾತ್ರ. ಎರಡೂ ತುದಿಯ ಕಾಯುವಿಕೆ ಅದರಲ್ಲಿ ಇರುವುದಿಲ್ಲ. ಹಡಗು ಐದು ವಾರದಲ್ಲಿ ಮುಟ್ಟುತ್ತದೆ ಎಂದರೆ ಪೆಟ್ಟಿಗೆ ಮನೆಗೆ ಬರಲು ಮೂರು ತಿಂಗಳು ಹಿಡಿಯಬಹುದು ಎಂದು ಇಟ್ಟುಕೊಳ್ಳಿ. ಮೂರು ತಿಂಗಳು ಕೈಗೆ ಸಿಗದಿದ್ದರೆ ಕೆಲಸ ನಿಲ್ಲುವಂಥ ಯಾವ ವಸ್ತುವನ್ನೂ ಇದರಲ್ಲಿ ಹಾಕಬೇಡಿ.

ದರದ ಲೆಕ್ಕ ಘನ ಮೀಟರಿನದ್ದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 10 ಲಕ್ಷದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. 60, 45, 45 ಸೆಂ.ಮೀ. ಪೆಟ್ಟಿಗೆ 0.1215 ಘನ ಮೀಟರ್, ಹತ್ತು ಪೆಟ್ಟಿಗೆ 1.215. ಗೋದಾಮಿನಲ್ಲಿ ಅಳೆಯುವುದು ಪೆಟ್ಟಿಗೆಯ ಅತಿ ಉಬ್ಬಿದ ಜಾಗವನ್ನು. ಮೇಲಿನ ಮುಚ್ಚಳ ಬರೀ 4 ಸೆಂ.ಮೀ. ಉಬ್ಬಿದರೂ ಒಂದೊಂದು ಪೆಟ್ಟಿಗೆ 0.1323 ಆಗಿ, ಹತ್ತಕ್ಕೆ 1.323 ಆಗುತ್ತದೆ. ಅಂದರೆ ಗಾಳಿಗೇ ಹೆಚ್ಚುಕಡಿಮೆ ಹನ್ನೊಂದನೇ ಪೆಟ್ಟಿಗೆಯ ದುಡ್ಡು ಕೊಟ್ಟಂತೆ. ಮುಚ್ಚಳದ ಮೇಲೆ ಮಂಡಿ ಊರಿ ಟೇಪು ಎಳೆಯಬೇಕಾದ ಸ್ಥಿತಿ ಬಂದರೆ ಒಂದೆರಡು ವಸ್ತು ಹೊರಗೆ ತೆಗೆಯಿರಿ. ಹೆಚ್ಚಿನವರು ಕನಿಷ್ಠ ಒಂದು ಘನ ಮೀಟರಿನ ದರ ಹಾಕುತ್ತಾರೆ, ಹಾಗಾಗಿ ಮೂರು ಪೆಟ್ಟಿಗೆ ಕಳಿಸಿದರೂ ಎಂಟು ಪೆಟ್ಟಿಗೆ ಕಳಿಸಿದರೂ ಬಿಲ್ ಒಂದೇ. ಐದಕ್ಕಿಂತ ಕಡಿಮೆ ಇದ್ದರೆ ಈ ಸೇವೆಯ ಯೋಚನೆಯನ್ನೇ ಬಿಡುವುದು ವಾಸಿ.

ತೂಕ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಅಂದರೂ ತಪ್ಪಿಲ್ಲ. ಒಂದು ಘನ ಮೀಟರ್ ಅಥವಾ 1000 ಕೆಜಿ, ಯಾವುದು ಹೆಚ್ಚೋ ಅದಕ್ಕೆ ದರ ಎಂಬುದು ಹಡಗಿನ ನಿಯಮ. ಮನೆ ಸಾಮಾನು ಆ ತೂಕ ಮುಟ್ಟುವುದೇ ಇಲ್ಲ. ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ ಸೇವೆ ಎನ್ನುವುದು ಇದಕ್ಕೇ. ವಿಮಾನದ ಲೆಕ್ಕ ಬೇರೆ. ಏರ್ ಫ್ರೈಟ್‌ನಲ್ಲಿ ಘನ ಸೆಂಟಿಮೀಟರನ್ನು 6000ದಿಂದ ಭಾಗಿಸಿ ‘ಗಾತ್ರದ ತೂಕ’ ತೆಗೆಯುತ್ತಾರೆ, ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ. ಮೇಲಿನ ಪೆಟ್ಟಿಗೆಯಲ್ಲಿ 9 ಕೆಜಿ ದಿಂಬು ಇದ್ದರೂ ಏರ್ ಫ್ರೈಟ್ ಅದನ್ನು 20.25 ಕೆಜಿ ಎಂದೇ ಎಣಿಸುತ್ತದೆ, ಕೊರಿಯರ್ 24.3 ಎಂದು. ದಿಂಬನ್ನು ಎತ್ತ ಕಳಿಸಿದರೂ ನಷ್ಟ, ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ಬಟ್ಟೆಯನ್ನು ಗಾಳಿ ಎಳೆಯುವ ಚೀಲಕ್ಕೆ ತುಂಬಿದರೆ ಹಡಗಿನ ದರ ನಿಜಕ್ಕೂ ಇಳಿಯುತ್ತದೆ, ವಿಮಾನದ ಸೂಟ್‌ಕೇಸಿನಲ್ಲಿ ತೂಕ ಮಾತ್ರ ಹಾಗೇ ಇರುತ್ತದೆ.

ಈಗ ದೊಡ್ಡ ದೂರಿಗೆ ಬರೋಣ. ಕೊಟೇಶನ್ ಅಗ್ಗ ಕಾಣಲು ಒಂದು ಸುಲಭದ ದಾರಿ ಇದೆ: ಆಚೆ ಬಂದರಿನ ಖರ್ಚನ್ನು ಅದರಲ್ಲಿ ತೋರಿಸದೆ ಇರುವುದು. ಹಡಗು ಮುಟ್ಟಿದ ಮೇಲೆ ‘ಅರೈವಲ್ ನೋಟೀಸ್’ ಎಂಬ ಕಾಗದ ಬರುತ್ತದೆ. ಅದರಲ್ಲಿ ಬಂದರು ನಿರ್ವಹಣೆ, ಕಂಟೇನರ್ ಬಿಚ್ಚಿದ ಕೂಲಿ, ಡೆಲಿವರಿ ಆರ್ಡರ್ ಶುಲ್ಕ, ದಾಖಲೆ ಶುಲ್ಕ, ಕಸ್ಟಮ್ಸ್ ಏಜೆಂಟ್ ಶುಲ್ಕ, ತಪಾಸಣೆ, ಯಾರ್ಡಿನ ಬಾಡಿಗೆ ಎಂದು ಸಾಲು ಸಾಲು. ಒಂದೂಕಾಲು ಘನ ಮೀಟರಿನಷ್ಟು ಸಣ್ಣ ಸಾಮಾನಿಗೆ ಇವೆಲ್ಲ ಸೇರಿ ಹಡಗಿನ ಬಾಡಿಗೆಯನ್ನೇ ಮೀರಿದರೆ ಆಶ್ಚರ್ಯವಿಲ್ಲ, ಯಾಕೆಂದರೆ ಇವುಗಳಲ್ಲಿ ಹಲವು ಗಾತ್ರ ನೋಡುವುದಿಲ್ಲ, ಒಂದು ದಾಖಲೆಗೆ ಇಷ್ಟು ಎಂದು ನಿಗದಿಯಾಗಿರುತ್ತವೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಆಗ ಚೌಕಾಸಿಗೆ ದಾರಿಯೂ ಇರುವುದಿಲ್ಲ, ಸಾಮಾನು ಅವರ ಯಾರ್ಡಿನಲ್ಲಿ, ದಿನದ ಬಾಡಿಗೆ ಏರುತ್ತಾ ಇರುತ್ತದೆ. ಆದ್ದರಿಂದ ಸಹಿ ಹಾಕುವ ಮುಂಚೆ ಇಮೇಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ಮನೆ ಬಾಗಿಲಿಗೆ ಪೆಟ್ಟಿಗೆ ಬರುವವರೆಗೆ, ಸುಂಕ ಮತ್ತು ಕಸ್ಟಮ್ಸ್ ತಪಾಸಣೆ ಬಿಟ್ಟು, ಬೇರೆ ಯಾರಿಗಾದರೂ ಏನಾದರೂ ಕೊಡಬೇಕೇ? ‘ಇಲ್ಲ’ ಎಂದು ಬರೆದು ಕೊಡುವವರ ದರ ಮೊದಲ ನೋಟಕ್ಕೆ ಜಾಸ್ತಿ ಕಂಡರೂ ಕೊನೆಗೆ ಕಡಿಮೆ ಬೀಳುತ್ತದೆ. ‘ಸ್ಥಳೀಯ ಶುಲ್ಕ ಅನ್ವಯ’ ಎಂದು ಹಾರಿಕೆಯ ಉತ್ತರ ಬಂದರೆ ಅವರನ್ನು ಬಿಟ್ಟುಬಿಡಿ.

ಕಸ್ಟಮ್ಸ್ ವಿಷಯದಲ್ಲಿ ಒಂದು ವರ್ಷದವರಿಗೆ ಒಂದು ಅಪಾಯ ಇದೆ. ವಾಸ ಬದಲಿಸುವವರಿಗೆ ಹಳೆಯ ಸಾಮಾನಿನ ಮೇಲೆ ಸುಂಕ ವಿನಾಯಿತಿ ಕೊಡುವ ದೇಶಗಳು ಎಷ್ಟು ಕಾಲ ಹೊರಗಿದ್ದಿರಿ ಎಂದು ನೋಡುತ್ತವೆ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ 1186/2009 ನಿಯಮಾವಳಿ ಕೇಳುವುದು ಸತತ 12 ತಿಂಗಳ ಹೊರವಾಸ, ವಸ್ತುಗಳ ಕನಿಷ್ಠ 6 ತಿಂಗಳ ಬಳಕೆ. ವಾಸ ಬದಲಿಸಿದ 12 ತಿಂಗಳೊಳಗೆ ಸಾಮಾನು ತರಬೇಕು, ತಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಬೇರೆ ದೇಶಗಳ ಗಡುವು ಬೇರೆ. ಆದರೆ ಎಲ್ಲ ಕಡೆ ಪಾಠ ಒಂದೇ: ಅಗ್ಗದ ಟಿಕೆಟ್ ಸಿಕ್ಕಿತೆಂದು ಹನ್ನೊಂದು ತಿಂಗಳು ಮೂರು ವಾರಕ್ಕೆ ಹೊರಟರೆ ಟಿಕೆಟ್ಟಿನಲ್ಲಿ ಉಳಿಸಿದ್ದು ಸುಂಕದಲ್ಲಿ ಹೋಗಬಹುದು. ನಿಮ್ಮ ದೇಶದ ಕಸ್ಟಮ್ಸ್ ಜಾಲತಾಣದಲ್ಲಿ ನಿಯಮ ಓದಿ, ಆಮೇಲೆ ಟಿಕೆಟ್ ಕಾಯ್ದಿರಿಸಿ.

ಬಾಡಿಗೆ ಕರಾರು, ವಿದ್ಯುತ್ ಬಿಲ್, ಕೆಲಸದ ಅಥವಾ ಓದಿನ ಪತ್ರ, ಈಚೆಗೆ ಕೊಂಡ ವಸ್ತುಗಳ ರಸೀದಿ, ಇವೆಲ್ಲ ಕೈಚೀಲದಲ್ಲಿ ಬರಬೇಕು. ಈ ಕಾಗದಗಳನ್ನು ‘ಫೈಲುಗಳು’ ಎಂದು ಬರೆದ ಪೆಟ್ಟಿಗೆಗೇ ಹಾಕಿ ಕಳಿಸುವುದು ಅತಿ ಸಾಮಾನ್ಯವಾದ ತಪ್ಪು. ಪೆಟ್ಟಿಗೆ ಬಿಡಿಸಲು ಬೇಕಾದ ಕಾಗದ ಆ ಪೆಟ್ಟಿಗೆಯ ಒಳಗೇ ಉಳಿಯುತ್ತದೆ. ಇನ್ನೊಂದು ತಪ್ಪು, ಮನುಷ್ಯರಿಗಿಂತ ಮೊದಲು ಸಾಮಾನು ಮುಟ್ಟುವುದು. ಮಾಲೀಕರ ಪಾಸ್‌ಪೋರ್ಟಿನಲ್ಲಿ ಒಳಬಂದ ಮುದ್ರೆ ನೋಡದೆ ಕಸ್ಟಮ್ಸ್ ಬಿಡದಿದ್ದರೆ ಅಷ್ಟೂ ದಿನದ ಯಾರ್ಡ್ ಬಾಡಿಗೆ ನಿಮ್ಮ ತಲೆಗೆ.

ಪಟ್ಟಿಯ ಬಗ್ಗೆ ಸೋಮಾರಿತನ ಬೇಡ. ‘ಇತರೆ ವಸ್ತು’ ಎಂದು ಬರೆದ ಪೆಟ್ಟಿಗೆಯನ್ನೇ ಅಧಿಕಾರಿಗಳು ಮೊದಲು ತೆರೆಸುತ್ತಾರೆ. ‘ಪೆಟ್ಟಿಗೆ 4: ಬಳಸಿದ ಪುಸ್ತಕ 22, ಉಕ್ಕಿನ ಬಾಣಲೆ 1, ಟೇಬಲ್ ದೀಪ 1’ ಎಂಬಷ್ಟು ಸ್ಪಷ್ಟವಾಗಿರಲಿ. ಪೆಟ್ಟಿಗೆಯ ಎರಡು ಪಕ್ಕ ಹಾಗೂ ಮೇಲೆ ‘4/10’ ಎಂದು ಬರೆಯಿರಿ, ಆದರೆ ಹೊರಗೆ ಒಳಗಿನ ವಸ್ತುವಿನ ಹೆಸರು ಬೇಡ. ಶೂ, ಸೈಕಲ್ ಟೈರ್, ಟೆಂಟುಗಳಿಗೆ ಅಂಟಿದ ಮಣ್ಣನ್ನು ಬ್ರಷ್ ಹಾಕಿ ತೊಳೆದು ಒಣಗಿಸಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಂಥ ಕಡೆ ಒಣಗಿದ ಮಣ್ಣಿನ ಹೆಂಟೆ ಕಂಡರೂ ತಡೆದು, ನಿಮ್ಮ ಖರ್ಚಿನಲ್ಲೇ ಶುಚಿ ಮಾಡಿಸುತ್ತಾರೆ. ಗಟ್ಟಿ ಮರದ ಕ್ರೇಟಿಗೆ ಐಎಸ್‌ಪಿಎಂ 15 ಮುದ್ರೆ ಬೇಕು. ಅದು ಮರದ ಪ್ಯಾಕಿಂಗಿನಲ್ಲಿ ಕೀಟ ಹರಡದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮ, ಸಾಮಾನ್ಯ ವಿಧಾನದಲ್ಲಿ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು. ಪ್ಲೈವುಡ್‌ಗೆ ಈ ಕಟ್ಟಳೆ ಇಲ್ಲ, ಆದ್ದರಿಂದ ಕ್ರೇಟ್ ಬೇಕಾದರೆ ಪ್ಲೈವುಡ್ಡಿನದ್ದೇ ಮಾಡಿಸಿ.

ತುಂಬುವ ಕೆಲಸಕ್ಕೆ ಒಂದು ವಾರ ಇಟ್ಟುಕೊಳ್ಳಿ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, 45, 30, 30 ಸೆಂ.ಮೀ. ಸಾಕು. ತುಂಬಿದರೆ ಅದೇ 20 ಕೆಜಿ ದಾಟುತ್ತದೆ, ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಎತ್ತುವಾಗ ತಳವೇ ಕಿತ್ತುಬರುತ್ತದೆ. ಗೋದಾಮಿನಲ್ಲಿ ಒಂದರ ಮೇಲೊಂದು ಐದಾರು ಪೆಟ್ಟಿಗೆ ಪೇರಿಸುತ್ತಾರೆ, ಆದ್ದರಿಂದ ಎರಡು ಪದರದ ರಟ್ಟೇ ಇರಲಿ. ತಟ್ಟೆಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದರೆ ಮೇಲಿನ ಭಾರವೆಲ್ಲ ಕೆಳಗಿನ ತಟ್ಟೆಯ ನಡುಮಧ್ಯಕ್ಕೆ ಬಿದ್ದು ಅದೇ ಒಡೆಯುತ್ತದೆ. ತುಂಬಿದ ಮೇಲೆ ಪೆಟ್ಟಿಗೆ ಎತ್ತಿ ಮೆಲ್ಲಗೆ ಅಲ್ಲಾಡಿಸಿ ನೋಡಿ, ಒಳಗೆ ಏನಾದರೂ ಸರಿದ ಸದ್ದು ಬಂದರೆ ಬಿಚ್ಚಿ ಸಂದುಗಳಿಗೆ ಕಾಗದ ತುರುಕಬೇಕು. ಟೇಪು ನಡುಸೀಳಿಗೆ ಒಂದು, ಎರಡು ಅಂಚಿಗೆ ಒಂದೊಂದು, ಮೇಲೂ ಕೆಳಗೂ.

ಸಮುದ್ರದ ತೇವದ್ದೇ ಒಂದು ಕಥೆ. ಹಗಲು ಕಾದ ಕಂಟೇನರಿನೊಳಗೆ ರಟ್ಟು, ಮರ, ಬಟ್ಟೆಗಳಲ್ಲಿರುವ ನೀರಿನಂಶ ಆವಿಯಾಗುತ್ತದೆ, ರಾತ್ರಿ ಚಾವಣಿ ತಣಿದಾಗ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಇದಕ್ಕೆ ಕಂಟೇನರ್ ಮಳೆ ಎಂದೇ ಹೆಸರು. ಶೂ ಡಬ್ಬಿಯಲ್ಲಿ ಸಿಗುವ ಚಿಕ್ಕ ಸಿಲಿಕಾ ಜೆಲ್ ಪೊಟ್ಟಣ ಒಂದು ಪೆಟ್ಟಿಗೆಗೆ ಯಾವ ಮೂಲೆಗೂ ಸಾಲದು. ಬಟ್ಟೆ, ಪುಸ್ತಕ ಪೂರ್ತಿ ಒಣಗಿರಬೇಕು, ಆಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಮುಚ್ಚಿ ಪೆಟ್ಟಿಗೆಗಿಡಬೇಕು. ಅರೆಬರೆ ಒಣಗಿದ ಟವೆಲ್ ಒಂದನ್ನು ಚೀಲದೊಳಗೆ ಕಟ್ಟಿಟ್ಟರೆ ಮೂರು ತಿಂಗಳಲ್ಲಿ ಅಷ್ಟೂ ಬಟ್ಟೆಗೆ ಬೂಷ್ಟು. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿಗಳನ್ನು ಪೆಟ್ಟಿಗೆಗೆ ಹಾಕಲೇಬೇಡಿ. ಅವು ವಿಮಾನದ ಕೈಚೀಲದಲ್ಲಿ ಬರಬೇಕು, 100 ವ್ಯಾಟ್-ಗಂಟೆಯವರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಗಂಟೆ ಆಗುತ್ತದೆ.

ವಿಮೆಯ ಕಾಗದದಲ್ಲಿ ಪಿಬಿಒ ಎಂಬ ಮೂರಕ್ಷರ ಹುಡುಕಿ. ಮಾಲೀಕರೇ ತುಂಬಿದ ಪೆಟ್ಟಿಗೆ ಎಂದು ಅರ್ಥ. ಅಂಥ ಪೆಟ್ಟಿಗೆಗೆ ಬಹಳಷ್ಟು ಪಾಲಿಸಿಗಳು ಇಡೀ ಪೆಟ್ಟಿಗೆ ಕಳೆದುಹೋದರೆ ಮಾತ್ರ ದುಡ್ಡು ಕೊಡುತ್ತವೆ, ಒಳಗೆ ಒಡೆದದ್ದಕ್ಕೆ ಇಲ್ಲ. ಒಡೆಯುವಂಥದ್ದು ಒಂದೆರಡು ಪೆಟ್ಟಿಗೆ ಇದ್ದರೆ ಅವನ್ನು ಮಾತ್ರ ಏಜೆಂಟರ ಕೈಯಲ್ಲೇ ತುಂಬಿಸುವುದು ಒಳ್ಳೆಯದು. ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ತೋರಿಸಬೇಡಿ: 100 ಬಾಳುವುದನ್ನು 60 ಎಂದು ತೋರಿಸಿ, 20ರಷ್ಟು ಹಾನಿಯಾದರೆ ಕೈಗೆ ಬರುವುದು 12. ಹಡಗಿಗೆ ಆಪತ್ತು ಬಂದು ‘ಜನರಲ್ ಆವರೇಜ್’ ಘೋಷಿಸಿದರೆ ಸಾಮಾನಿಗೆ ಏನೂ ಆಗದವರೂ ಖರ್ಚಿನ ಪಾಲು ಕೊಡಬೇಕು. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ವಿಷಯದಲ್ಲಿ ಹೀಗೇ ಆಯಿತು. ವಿಮೆ ಇದ್ದರೆ ಆ ಪಾಲನ್ನು ವಿಮೆಯವರು ನೋಡಿಕೊಳ್ಳುತ್ತಾರೆಯೇ ಎಂದು ಕೇಳಿಕೊಳ್ಳಿ.

ಸಾಮಾನು ಸಾಗಿಸಲು ಪಡೆದದ್ದಕ್ಕೆ ಸಾಗಾಟದಾರರು ಕೊಡುವ ಕಾಗದವಾದ ಬಿಲ್ ಆಫ್ ಲೇಡಿಂಗ್‌ನಲ್ಲೂ ಒಂದು ಸಾಲು ನೋಡಬೇಕು. ಹಡಗು ಸಾಗಾಟದ ಹೊಣೆಯ ಬಗೆಗಿನ ಅಂತರರಾಷ್ಟ್ರೀಯ ಹೇಗ್-ವಿಸ್ಬಿ ನಿಯಮ ಅನ್ವಯಿಸುವಲ್ಲಿ ಸಾಗಾಟದಾರರ ಹೊಣೆ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕೆಜಿಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅಷ್ಟಕ್ಕೆ ಸೀಮಿತ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಕಾಗದದಲ್ಲಿ ‘1 ಪ್ಯಾಲೆಟ್’ ಎಂದಿದ್ದರೆ ಅದು ಒಂದೇ ಪ್ಯಾಕೇಜ್ ಎಂದು ವಾದಿಸಲು ದಾರಿಯಾಗುತ್ತದೆ. ‘10 ಪೆಟ್ಟಿಗೆ’ ಎಂದೇ ಬರೆಸಿ.

ಬದಲಿ ದಾರಿಗಳೂ ಇವೆ. ಐದು ಪೆಟ್ಟಿಗೆಯೊಳಗೆ ಇದ್ದರೆ ವಿಮಾನದ ಹೆಚ್ಚುವರಿ ಬ್ಯಾಗೇಜನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಳ್ಳುವುದೇ ಒಳ್ಳೆಯದು, ಸಾಮಾನು ಅದೇ ದಿನ ಕೈಯಲ್ಲಿರುತ್ತದೆ. ಒಂದು ಚೀಲ 32 ಕೆಜಿ ಮೀರುವಂತಿಲ್ಲ, ಮೂರೂ ಅಳತೆ ಕೂಡಿದರೆ ಸಾಮಾನ್ಯವಾಗಿ 158 ಸೆಂ.ಮೀ. ಒಳಗಿರಬೇಕು. ಬರೀ ಪುಸ್ತಕವಾದರೆ ಅಂಚೆಯ ಎಂ-ಬ್ಯಾಗ್ ವಿಚಾರಿಸಿ: ಒಬ್ಬರೇ ವಿಳಾಸದಾರರಿಗೆ ಮುದ್ರಿತ ಸಾಮಗ್ರಿ ಮಾತ್ರ, ಒಂದು ಚೀಲಕ್ಕೆ 30 ಕೆಜಿವರೆಗೆ. ಎಲ್ಲ ದೇಶದ ಅಂಚೆಯವರೂ ಹಡಗಿನಲ್ಲಿ ಕಳಿಸುವುದಿಲ್ಲ, ಅಮೆರಿಕದ ಅಂಚೆ 2007ರಲ್ಲೇ ಅದನ್ನು ನಿಲ್ಲಿಸಿತು.

ಪೆಟ್ಟಿಗೆ ಮನೆಗೆ ಬಂದ ದಿನ ಚಾಲಕರಿಗೆ ಅವಸರ ಇರುತ್ತದೆ. ಸಹಿ ಹಾಕುವ ಮುಂಚೆ 1ರಿಂದ 10ರವರೆಗೆ ನಂಬರ್ ಕೂಗಿ ಎಣಿಸಿ. ಜಜ್ಜಿದ ಮೂಲೆ, ಒದ್ದೆ ಕಲೆ, ಬೇರೆ ಬಣ್ಣದ ಟೇಪು ಕಂಡರೆ ಫೋಟೋ ತೆಗೆದು ರಸೀದಿಯ ಮೇಲೆಯೇ ‘ಪೆಟ್ಟಿಗೆ 7, ತಳ ಒದ್ದೆ’ ಎಂದು ಬರೆದು ಆಮೇಲೆ ಸಹಿ ಹಾಕಿ. ಹೊರಗೆ ಕಾಣದ ಹಾನಿಯ ಬಗ್ಗೆ ಹೇಗ್-ವಿಸ್ಬಿ ಪ್ರಕಾರ 3 ದಿನದೊಳಗೆ ಬರಹದಲ್ಲಿ ತಿಳಿಸಬೇಕು, ಆದ್ದರಿಂದ ಎಷ್ಟೇ ದಣಿದಿದ್ದರೂ ಅದೇ ವಾರಾಂತ್ಯದಲ್ಲಿ ಹತ್ತೂ ಪೆಟ್ಟಿಗೆ ಬಿಚ್ಚಿ ನೋಡಿ.