750 ರೂಪಾಯಿಯ ಓಬಿಡಿ ಡಬ್ಬಿ: ಮೂರು ವರ್ಷ ಬಳಸಿದ ಮೇಲೆ

ಇಂಜಿನ್ ಚಿತ್ರದ ಹಳದಿ ದೀಪ ಮೊದಲ ಸಲ ಹತ್ತಿಕೊಂಡದ್ದು ದಾವಣಗೆರೆಯ ಹದಡಿ ರಸ್ತೆಯಲ್ಲಿ. ಕಾರು ಓಡುವಾಗ ಏನೂ ತೊಂದರೆ ಇರಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಇಂಜಿನ್ ಸ್ವಲ್ಪ ಕುಂಟುತ್ತಿತ್ತು. ಒಂದು ವರ್ಕ್‌ಶಾಪ್‌ಗೆ ಒಯ್ದೆ. ಸ್ಕ್ಯಾನರ್ ಹಾಕಿ, 500 ರೂಪಾಯಿ ಇಸ್ಕೊಂಡು, "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, 4,800 ಆಗುತ್ತೆ" ಅಂದರು. ಯಾವ ಕೋಡ್ ಬಂತು ಅಂತ ಕೇಳಿದ್ದಕ್ಕೆ "ಅದೆಲ್ಲಾ ನಿಮಗೆ ಗೊತ್ತಾಗಲ್ಲ ಬಿಡಿ" ಅಂದರು. ಆ ಮಾತಿಗೇ ಈ ಓಬಿಡಿ ಡಬ್ಬಿ ಆರ್ಡರ್ ಮಾಡಿದ್ದು ನಾನು. ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ತೊಂದರೆಯ ಕೋಡನ್ನು ಫೋನಿನಲ್ಲಿ ತೋರಿಸುವ ಸಾಧನ ಇದು.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇಎಲ್‌ಎಂ 327 ಅಂತ ಮೇಲೆ ಬರೆದಿದೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್‌ನ ಸಾಕೆಟ್ ಇರುತ್ತಲ್ಲ, ಅದಕ್ಕೆ ಚುಚ್ಚಬೇಕು. ಕೀ ಆನ್ ಮಾಡಿ, ಫೋನಿನ ಬ್ಲೂಟೂತ್‌ನಲ್ಲಿ 1234 ಹೊಡೆದರೆ ಜೋಡಿಯಾಗುತ್ತದೆ. ಆಪ್ ಬೇರೆ ಹಾಕಿಕೊಳ್ಳಬೇಕು. ನಾನು ಬಳಸುತ್ತಿರುವುದು ಟಾರ್ಕ್.

ಬಂದ ಕೋಡ್ ಪಿ 0171. ಅಂದರೆ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತಿದೆ ಅಂತ. ಸೆನ್ಸರ್ ಹೋಗಿದೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ, ಗಾಳಿ ಜಾಸ್ತಿ ಅಂತ ದೂರು ಕೊಟ್ಟದ್ದೇ ಆ ಆಕ್ಸಿಜನ್ ಸೆನ್ಸರ್. ದೂರು ಕೊಟ್ಟವನನ್ನೇ ಹಿಡಿದು ಹೊರಗೆ ಹಾಕಿದ ಹಾಗಾಯ್ತು ಅಲ್ವಾ?

ಡಬ್ಬಿಯ ನಿಜವಾದ ಬೆಲೆ ಗೊತ್ತಾದದ್ದು ಕೋಡಿನಿಂದಲ್ಲ, ಲೈವ್ ಡೇಟಾದಿಂದ, ಅಂದರೆ ಇಂಜಿನ್ ಓಡುತ್ತಿರುವಾಗಲೇ ಬರುವ ಅಂಕಿಗಳಿಂದ. ಅದರಲ್ಲಿ ಫ್ಯೂಯಲ್ ಟ್ರಿಮ್ ಅಂತ ಒಂದು ಅಂಕಿ ಬರುತ್ತದೆ. ಲೆಕ್ಕ ಸರಿಮಾಡಲು ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ, ಎಷ್ಟು ಇಳಿಸುತ್ತಿದೆ ಅನ್ನುವುದು ಅದು. ಸೊನ್ನೆಯ ಆಸುಪಾಸು ಇದ್ದರೆ ಒಳ್ಳೆಯದು. ನನ್ನ ಕಾರು ನಿಂತು ಇಂಜಿನ್ ಮಾತ್ರ ಓಡುವಾಗ ಶೇ. 22 ಹೆಚ್ಚು ಅಂತ ತೋರಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಶೇ. 5ಕ್ಕೆ ಇಳಿಯಿತು. ಹೀಗಾದರೆ ಎಲ್ಲೋ ಗಾಳಿ ಸೋರಿ ಒಳಗೆ ಹೋಗುತ್ತಿದೆ ಅಂತಲೇ ಮೊದಲ ಅನುಮಾನ ಪಡಬೇಕು. ನನ್ನ ಕಾರಿನಲ್ಲಿ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಇದೆ. ಅದನ್ನು ದಾಟಿದ ಮೇಲೆ ಪೈಪ್ ಬಿರುಕು ಬಿಟ್ಟಿದ್ದರೆ, ಅಲ್ಲಿ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಇಂಜಿನ್ ಜೋರಾಗಿ ಗಾಳಿ ಎಳೆಯುವಾಗ ಆ ಸಣ್ಣ ಸೋರಿಕೆ ಅದರಲ್ಲಿ ಮುಳುಗಿಹೋಗುತ್ತದೆ. ನಿಂತಾಗ ಎದ್ದು ಕಾಣುತ್ತದೆ.

ಬಾನೆಟ್ ಎತ್ತಿ ಕಿವಿ ಕೊಟ್ಟೆ. ಎಲ್ಲೋ ಸಣ್ಣಗೆ ಸುಸ್ ಅನ್ನುತ್ತಿತ್ತು. ಬೆರಳು ದಪ್ಪದ ಒಂದು ರಬ್ಬರ್ ಪೈಪ್, ಮಡಚಿಕೊಂಡ ಜಾಗದಲ್ಲಿ ಕೆಳಗಿನಿಂದ ಸೀಳಿತ್ತು. ಮೇಲಿನಿಂದ ನೋಡಿದರೆ ಹೊಸದರ ಹಾಗಿತ್ತು! ಹೆಬ್ಬೆರಳಲ್ಲಿ ಸೀಳನ್ನು ಒತ್ತಿ ಹಿಡಿದೆ. ಸದ್ದು ನಿಂತಿತು, ಕುಂಟುವುದೂ ನಿಂತಿತು. ಹೊಸ ಪೈಪಿಗೆ 180 ರೂಪಾಯಿ.

ಎರಡನೇ ಸಲ ಭರಮಸಾಗರದ ಹತ್ತಿರ, ಹೈವೇಯಲ್ಲಿ, ಮಳೆ ಬೇರೆ. ಈ ಸಲ ದೀಪ ಮಿಣುಕುತ್ತಿತ್ತು. ಸುಮ್ನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಮನೆಗೆ ಹೋಗಿ ನೋಡಬಹುದು. ಮಿಣುಕಿದರೆ ಹಾಗಲ್ಲ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಅದು ದುಬಾರಿ ಸಾಮಾನು. ಬದಿಗೆ ನಿಲ್ಲಿಸಿ ನೋಡಿದೆ: ಪಿ 0303, ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಓಡಿಸುವ ಧೈರ್ಯ ಮಾಡದೆ ಗಾಡಿ ಎಳೆಸಿಕೊಂಡು ಬಂದೆ. ನಮ್ಮ ಏರಿಯಾದ ಮೇಸ್ತ್ರಿ, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಮೂರನೇ ಕಾಯಿಲ್ ಬಿಚ್ಚಿ ಎರಡನೆಯದರ ಜೊತೆ ಅದಲುಬದಲು ಮಾಡಿದರು. ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಪಿ 0302 ಬಂತು. ಅಂದರೆ ತೊಂದರೆ ಆ ಕಾಯಿಲ್ ಹಿಂದೆಯೇ ಎರಡನೇ ಸಿಲಿಂಡರಿಗೆ ಬಂದಿತ್ತು. "ಪ್ಲಗ್ ಆಗಿದ್ದರೆ ಮೂರರಲ್ಲೇ ಇರೋದು ಸಾರ್" ಅಂದರು. ಒಂದೇ ಕಾಯಿಲ್ ಬದಲಾಯಿತು.

ಇನ್ನು ಬೈಯ್ಯುವ ವಿಷಯ. ಬ್ಲೂಟೂತ್ ಆಗಾಗ ಕಡಿದುಹೋಗುತ್ತದೆ, ಮತ್ತೆ ಕಿತ್ತು ಚುಚ್ಚಬೇಕು. ಎಬಿಎಸ್, ಏರ್‌ಬ್ಯಾಗ್ ದೀಪ ಹತ್ತಿದರೆ ನನ್ನ ಡಬ್ಬಿ ಬಾಯಿ ಬಿಡುವುದಿಲ್ಲ. ಇದನ್ನು ಸಾಕೆಟ್‌ನಲ್ಲೇ ಬಿಟ್ಟರೆ ಕಾರು ಆಫ್ ಇದ್ದರೂ ಕರೆಂಟ್ ಎಳೆಯುತ್ತಿರುತ್ತದೆ. ನಾನು ಮರೆತು ಹತ್ತು ದಿನ ಊರಿಗೆ ಹೋಗಿದ್ದೆ. ಬ್ಯಾಟರಿ ಮೊದಲೇ ಹಳೆಯದು, ಬಂದಾಗ ಟಕ್ ಅಂತಲೂ ಅನ್ನಲಿಲ್ಲ. ಪಕ್ಕದ ಮನೆಯವರ ಕಾರಿನಿಂದ ವೈರ್ ಕೊಟ್ಟು ಎಬ್ಬಿಸಿದ್ದು. ಐದಕ್ಕೆ ನಾಲ್ಕು ಕೊಡೋಣ ಅಂತಿದ್ದೆ, ಆ ಬೆಳಗ್ಗೆ ನೆನಪಾಗಿ ಮೂರೂವರೆ.

ಕೋಡ್ ಅಳಿಸುವ ಬಟನ್ ಇದೆ ಅಂತ ಮೊದಲೇ ಅಳಿಸಬೇಡಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಅಂತ ಇರುತ್ತದೆ. ತೊಂದರೆ ಆದ ಗಳಿಗೆಯಲ್ಲಿ ವೇಗ ಎಷ್ಟು, ಇಂಜಿನ್ ಎಷ್ಟು ಬಿಸಿ ಇತ್ತು ಅನ್ನುವ ಲೆಕ್ಕ ಅದು. ಅಳಿಸಿದರೆ ಅದೂ ಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ತೀರಾ ಹಳೆಯ ಕಾರಾದರೆ ಯಾರದ್ದಾದರೂ ಡಬ್ಬಿ ಇಸ್ಕೊಂಡು ಚುಚ್ಚಿ ನೋಡಿಯೇ ಕೊಳ್ಳಿ. ಐಫೋನ್ ಇದ್ದವರಿಗೆ ಈ ಹಳೇ ಬ್ಲೂಟೂತ್‌ನದು ಆಗುವುದಿಲ್ಲ, ವೈಫೈ ಅಥವಾ ಹೊಸ ಬಗೆಯ ಬ್ಲೂಟೂತ್ ಆದ ಬಿಎಲ್‌ಇ ಇರುವುದು ಬೇಕು. ನನ್ನ ತಮ್ಮ ಕೇಳದೆ ಇದನ್ನೇ ತರಿಸಿದ. ಈಗ ಬಿರುಕು ಬಿಟ್ಟ ಒಂದು ಹಳೇ ಆಂಡ್ರಾಯ್ಡ್ ಫೋನನ್ನು ಇದಕ್ಕೆ ಅಂತಲೇ ಡ್ಯಾಶ್‌ಬೋರ್ಡಿನೊಳಗೆ ಇಟ್ಟುಕೊಂಡಿದ್ದಾನೆ.